ನಲವತ್ತೆಂಟು ಗಂಟೆ

ಚುನಾವಣೆ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ತಪ್ಪದೆ ಬರುತ್ತದೆ. ಇಂಥ ದಿನ ಸಂಜೆಯಿಂದ ಇಂಥ ದಿನ ಸಂಜೆಯವರೆಗೆ ಮದ್ಯ ಮಾರಾಟ ನಿಷೇಧಿಸಿ ಜಿಲ್ಲಾಡಳಿತ ಆದೇಶ ಹೊರಡಿಸಿದೆ ಎಂಬ ನಾಲ್ಕು ಸಾಲು. ತಲೆಬರಹದಲ್ಲಿ ಒಂದಿಷ್ಟು ತಮಾಷೆಯೂ ಇರುತ್ತದೆ. ಪಾನಪ್ರಿಯರಿಗೆ ಕಹಿ ಸುದ್ದಿ ಎಂದೋ, ಇನ್ನೆರಡು ದಿನ ಎಣ್ಣೆ ಸಿಗದು ಎಂದೋ ಹಾಕುತ್ತಾರೆ. ಗಂಡಸರು ಅದನ್ನು ಓದಿ ನಗುತ್ತಾರೆ. ಕೆಲವರು ಅಂದೇ ಸಂಜೆ ಚೀಲ ಹಿಡಿದು ಹೊರಡುತ್ತಾರೆ. ಆದರೆ ಅದೇ ಸುದ್ದಿಯನ್ನು ನಗದೆ ಓದುವವರೂ ಇದ್ದಾರೆ. ನಾನಿರುವ ಲಗ್ಗೆರೆಯಲ್ಲಿ ಅಂಥವರು ಬಹಳ ಮಂದಿ. ಅವರೆಲ್ಲ ಹೆಂಗಸರು.

ಲಗ್ಗೆರೆಯನ್ನು ತಿಳಿಯದವರಿಗೆ ಒಂದು ಮಾತು ಹೇಳಬೇಕು. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ನಮ್ಮ ಬಡಾವಣೆ ಇದೆ. ತುಮಕೂರು, ಮಂಡ್ಯ, ಹಾಸನದ ಕಡೆಯವರು, ಉತ್ತರ ಕರ್ನಾಟಕದವರು ಕೆಲಸ ಹುಡುಕಿಕೊಂಡು ಬಂದು ಇಲ್ಲಿ ನೆಲೆಯಾದರು. ಗಂಡಸರು ಲೇತ್ ಮಷಿನ್ನು, ವೆಲ್ಡಿಂಗು, ಪಾಲಿಷಿಂಗ್ ಕೆಲಸಕ್ಕೆ ಹೋದರೆ ಹೆಂಗಸರು ಗಾರ್ಮೆಂಟ್ಸಿಗೆ ಹೋಗುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ತಿಂಗಳ ಸಂಬಳ. ಸಣ್ಣ ವರ್ಕ್‌ಶಾಪುಗಳಲ್ಲಿ, ಕಟ್ಟಡದ ಕೆಲಸದಲ್ಲಿ ಶನಿವಾರದ ಬಟವಾಡೆ. ಕಾರ್ಖಾನೆ ಗೇಟಿನಿಂದ ಮನೆಯ ಬಾಗಿಲಿಗೆ ಬರುವ ದಾರಿಯಲ್ಲಿ ಎಷ್ಟು ವೈನ್ ಸ್ಟೋರುಗಳಿವೆ ಎಂಬುದನ್ನು ಇಲ್ಲಿನ ಹೆಂಗಸರು ಬೆರಳು ಮಡಚಿ ಲೆಕ್ಕ ಹೇಳಬಲ್ಲರು. ಬಟವಾಡೆಯ ಹಣ ಆ ಬಾಗಿಲುಗಳನ್ನು ದಾಟಿ ಮನೆಗೆ ಬರಬೇಕು.

ಹಾಗಾಗಿ ಮತದಾನ ಮುಗಿಯುವ ಹೊತ್ತಿಗೆ ಸರಿಯಾಗಿ ನಲವತ್ತೆಂಟು ಗಂಟೆ ಮೊದಲು ಈ ಬಾಗಿಲುಗಳೆಲ್ಲ ಮುಚ್ಚುವುದು ನಮ್ಮಲ್ಲಿ ಬರೀ ಸರ್ಕಾರದ ಸುದ್ದಿಯಲ್ಲ, ಮನೆಯ ಸುದ್ದಿ. ಈ ನಲವತ್ತೆಂಟು ಗಂಟೆ ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂದು ಮಕ್ಕಳಿಗೆ ಪೌರನೀತಿ ಪಾಠ ಮಾಡುವ ನಾನು ಹುಡುಕುತ್ತಾ ಹೋದೆ. ಸಿಕ್ಕಿದ ಕಥೆ ಸ್ವಾರಸ್ಯವಾಗಿದೆ.

ಓಟಿಗೂ ಹೆಂಡಕ್ಕೂ ಇರುವ ನೆಂಟಸ್ತಿಕೆ ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆಯನ್ನು ಲೇವಡಿ ಮಾಡಿ ನಾಲ್ಕು ಚಿತ್ರ ಬರೆದ. ಮೊದಲನೆಯದರಲ್ಲೇ ಅಭ್ಯರ್ಥಿಗಳು ಮತದಾರರಿಗೆ ಹೆಂಡದೂಟ ಹಾಕಿಸುತ್ತಿದ್ದಾರೆ; ಕುಡಿದವರು ಕುರ್ಚಿಯಿಂದ ಉರುಳುತ್ತಿದ್ದಾರೆ. ಅದಕ್ಕೆ ನಾಲ್ಕೇ ವರ್ಷದ ನಂತರ, 1758ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ ಶಾಸನಸಭೆಗೆ ನಿಂತಾಗ ಅವನ ಪರವಾಗಿ ಮತದಾರರಿಗೆ ರಮ್ಮು, ವೈನು, ಬಿಯರು ಧಾರಾಳವಾಗಿ ಹರಿಯಿತು. ಆತ ಗೆದ್ದ. ಮುಂದೆ ಆ ದೇಶದ ಮೊದಲ ಅಧ್ಯಕ್ಷನಾದ. ಪಠ್ಯಪುಸ್ತಕದಲ್ಲಿ ಸತ್ಯಸಂಧನೆಂದು ಓದಿಸುವ ಮಹಾಪುರುಷನ ಚುನಾವಣಾ ಖರ್ಚಿನಲ್ಲಿ ಹೆಂಡದ ಬಾಬತ್ತು ಇತ್ತು ಎಂದರೆ ಉಳಿದವರ ಮಾತೇನು!

ಇಂಗ್ಲೆಂಡಿನವರು 1854ರಲ್ಲಿ ಒಂದು ಕಾಯ್ದೆ ಮಾಡಿ, ಓಟಿಗಾಗಿ ಊಟ ಹಾಕಿಸುವುದು, ಕುಡಿಸುವುದು ಅಪರಾಧವೆಂದರು. 1883ರಲ್ಲಿ ಇನ್ನೊಂದು ಬಿಗಿ ಕಾಯ್ದೆ ತಂದು, ಮದ್ಯ ಮಾರುವ ಜಾಗದಲ್ಲಿ ಚುನಾವಣಾ ಕಚೇರಿ ಇಟ್ಟುಕೊಳ್ಳಬಾರದೆಂದರು. ಅಮೆರಿಕದ ಹಲವು ರಾಜ್ಯಗಳು ಮತದಾನದ ದಿನ ಮದ್ಯದ ಅಂಗಡಿಗಳನ್ನೇ ಮುಚ್ಚಿಸಿದವು. ಅಲ್ಲಿ ಆ ಪದ್ಧತಿ ಈಗ ಉಳಿದಿಲ್ಲ. ಕೊನೆಯವರಲ್ಲಿ ಒಂದಾದ ದಕ್ಷಿಣ ಕ್ಯಾರೊಲಿನಾ 2014ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ಏಷ್ಯಾದ ಥಾಯ್ಲೆಂಡಿನಲ್ಲಿ ಮಾತ್ರ 2023ರ ಚುನಾವಣೆಯಲ್ಲೂ ಶನಿವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗೆ ಮಾರಾಟ ಬಂದ್ ಆಗಿತ್ತು. ಅವರದು ಒಂದು ದಿನ, ನಮ್ಮದು ಎರಡು.

ನಮ್ಮಲ್ಲಿ ಇದಕ್ಕೆ ಮೊದಲ ಕಾನೂನು ಬಂದದ್ದು ಬ್ರಿಟಿಷರ ಕಾಲದಲ್ಲಿ, 1920ರಲ್ಲಿ. ಆಗ ಭಾರತೀಯ ದಂಡ ಸಂಹಿತೆಗೆ ಚುನಾವಣಾ ಅಪರಾಧಗಳ ಒಂದು ಅಧ್ಯಾಯ ಸೇರಿತು. ಅದರಲ್ಲೊಂದು ವಿಚಿತ್ರವಿದೆ. ಓಟಿಗೆ ಲಂಚ ಕೊಟ್ಟರೆ ಒಂದು ವರ್ಷದವರೆಗೆ ಜೈಲು. ಆದರೆ ಆ ಲಂಚ ಊಟ, ಪಾನೀಯ, ಮನರಂಜನೆಯ ರೂಪದಲ್ಲಿದ್ದರೆ ಬರೀ ದಂಡ! ನೂರು ರೂಪಾಯಿ ನೋಟು ಕೊಟ್ಟವನಿಗಿಂತ ನೂರು ರೂಪಾಯಿಯ ಹೆಂಡ ಕುಡಿಸಿದವನು ಕಾನೂನಿನ ಕಣ್ಣಿಗೆ ಸ್ವಲ್ಪ ಒಳ್ಳೆಯವನಾಗಿ ಕಂಡ. 2024ರ ಜುಲೈ 1ರಿಂದ ಆ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹೆಸರು ಬದಲಾಯಿತು, ಕಲಮಿನ ಸಂಖ್ಯೆ ಬದಲಾಯಿತು, ಈ ರಿಯಾಯಿತಿ ಮಾತ್ರ ಹಾಗೇ ಉಳಿಯಿತು. ಹೆಂಡ ಕುಡಿಸುವುದನ್ನು ಅತಿಥಿ ಸತ್ಕಾರದ ಸಾಲಿಗೆ ಸೇರಿಸಿದವರು ಗಂಡಸರೇ ಇರಬೇಕು. ನೋಟು ಕೊಟ್ಟರೆ ಅದರಲ್ಲಿ ಅರ್ಧವಾದರೂ ಮನೆಗೆ ಬಂದೀತು. ಹೆಂಡ ಕುಡಿಸಿದರೆ ಮನೆಗೆ ಬರುವುದೇನು ಎಂದು ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು.

ಇನ್ನು ನಮ್ಮ ನಾಡಿನ ಕಥೆ. ಹೆಂಡದ ವಿರುದ್ಧದ ಹೋರಾಟ ಇಲ್ಲಿ ಸ್ವಾತಂತ್ರ್ಯ ಹೋರಾಟದ ಜೊತೆಯಲ್ಲೇ ನಡೆಯಿತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಜೈಲಿಗೆ ಹೋದರು. ಎಸ್. ನಿಜಲಿಂಗಪ್ಪನವರು ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 47ನೇ ವಿಧಿಯಲ್ಲಿ, ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಯತ್ನಿಸಬೇಕು ಎಂದು ಬರೆದರು. ಮೈಸೂರು ರಾಜ್ಯದ ಬಹುಭಾಗದಲ್ಲಿ ಪಾನನಿರೋಧವೂ ಜಾರಿಯಲ್ಲಿತ್ತು. ಕಳ್ಳಭಟ್ಟಿ ಹೆಚ್ಚಿತು, ಬೊಕ್ಕಸಕ್ಕೆ ನಷ್ಟವಾಯಿತು ಎಂಬ ಕಾರಣಗಳು ಮುಂದೆ ಬಂದವು. 1967ರಲ್ಲಿ ರಾಜ್ಯ ಪಾನನಿರೋಧವನ್ನು ತೆಗೆದುಹಾಕಿತು. ಆಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಮರ ಕಡಿಯುವ ಕೈಗೂ ಬಜೆಟ್ ಬರೆಯುವ ಕೈಗೂ ಎಷ್ಟು ದೂರ ಎಂಬುದನ್ನು ಈ ಒಂದು ಸಂಗತಿ ಹೇಳುತ್ತದೆ.

ಆ ಮೇಲೆ ಬಂತು ಸಾರಾಯಿಯ ಕಾಲ. ಸಾರಾಯಿ ಗುತ್ತಿಗೆ ಹಿಡಿದವರು ಶ್ರೀಮಂತರಾದರು, ಶ್ರೀಮಂತರಾದವರು ರಾಜಕೀಯಕ್ಕೆ ಹತ್ತಿರವಾದರು. ಮುಂದೆ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರತೊಡಗಿದಾಗ ಚುನಾವಣೆಗೆ ಬಹಳ ಅನುಕೂಲವಾಯಿತು. ಬಾಟಲಿಯ ಹಾಗೆ ಸದ್ದಾಗದು, ಒಡೆಯದು. ಪಂಚೆಯ ಮಡಿಲಲ್ಲಿ ನಾಲ್ಕು, ಹಾಲಿನ ಕ್ರೇಟಿನಲ್ಲಿ ನೂರು. ಮತದಾನದ ಮರುದಿನ ಶಾಲೆಯ ಬೀಗ ತೆಗೆದರೆ ಕಾಂಪೌಂಡಿನ ಮೂಲೆಯಲ್ಲಿ ಖಾಲಿ ಪ್ಯಾಕೆಟ್ಟುಗಳ ರಾಶಿ. ಅದನ್ನು ಗುಡಿಸಿ ತೆಗೆದ ಮೇಲೆ ಮಕ್ಕಳ ಪ್ರಾರ್ಥನೆ. ನನ್ನ ವಯಸ್ಸಿನ ಯಾವ ಶಿಕ್ಷಕಿಯನ್ನು ಕೇಳಿದರೂ ಈ ದೃಶ್ಯವನ್ನು ನೆನಪಿಸಿಕೊಂಡಾರು.

ಅಷ್ಟರಲ್ಲಿ ದೆಹಲಿಯಲ್ಲಿ ಗಾಳಿ ಬದಲಾಗುತ್ತಿತ್ತು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಚುನಾವಣಾ ಸುಧಾರಣೆಗಾಗಿ ದಿನೇಶ್ ಗೋಸ್ವಾಮಿಯವರ ಸಮಿತಿ ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದರು. ಮೇಷ್ಟರು ಬೆತ್ತ ಹಿಡಿದು ತರಗತಿಗೆ ಬಂದಂತಾಯಿತು. ಗೋಡೆ ಬರಹ, ಮೈಕಾಸುರನ ಹಾವಳಿ, ಸರ್ಕಾರಿ ಜೀಪಿನ ಪ್ರಚಾರ ಎಲ್ಲಕ್ಕೂ ಲಗಾಮು ಬಿತ್ತು. ಸಮಿತಿಯ ಸಲಹೆಗಳಲ್ಲಿ ಹಲವು 1996ರಲ್ಲಿ ಕಾನೂನಾದವು. ಜನತಾ ಪ್ರಾತಿನಿಧ್ಯ ಕಾಯ್ದೆಗೆ ಆದ ಆ ತಿದ್ದುಪಡಿ 1996ರ ಆಗಸ್ಟ್ 1ರಿಂದ ಜಾರಿಗೆ ಬಂತು. ಆಗ ಪ್ರಧಾನಿಯಾಗಿದ್ದವರು ನಮ್ಮವರೇ ಆದ ಎಚ್.ಡಿ. ದೇವೇಗೌಡರು.

ಆ ತಿದ್ದುಪಡಿಯಲ್ಲಿ ಎರಡು ಕಲಮುಗಳು ಅಕ್ಕತಂಗಿಯರಂತೆ ಜೊತೆಯಾಗಿ ಬಂದವು. ಮೊದಲನೆಯದು 135ಬಿ. ಕಾರ್ಖಾನೆಯಾಗಲಿ ಅಂಗಡಿಯಾಗಲಿ, ಕೆಲಸಗಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು; ದಿನಗೂಲಿಯವನಿಗೂ ಆ ದಿನದ ಕೂಲಿ ಕೊಡಬೇಕು. ತಪ್ಪಿದರೆ ಮಾಲೀಕನಿಗೆ ಐನೂರು ರೂಪಾಯಿವರೆಗೆ ದಂಡ. ಎರಡನೆಯದು 135ಸಿ. ಮತದಾನ ಮುಗಿಯುವ ವೇಳೆಗೆ ಹಿಂದಿನ ನಲವತ್ತೆಂಟು ಗಂಟೆ, ಆ ಮತಕ್ಷೇತ್ರದೊಳಗೆ, ಹೋಟೆಲು, ಅಂಗಡಿ ಅಥವಾ ಬೇರಾವುದೇ ಸಾರ್ವಜನಿಕ ಇಲ್ಲವೆ ಖಾಸಗಿ ಜಾಗದಲ್ಲಿ ಮದ್ಯವನ್ನು ಮಾರಬಾರದು, ಕೊಡಬಾರದು, ಹಂಚಬಾರದು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸಿಕ್ಕಿದ ಮಾಲು ಜಪ್ತಿ.

ಈ ಅಕ್ಕತಂಗಿಯರನ್ನು ಒಟ್ಟಿಗೆ ನೋಡಬೇಕು. ರಜೆಯನ್ನಷ್ಟೇ ಕೊಟ್ಟು ಅಂಗಡಿ ತೆರೆದಿಟ್ಟಿದ್ದರೆ ಪೀಣ್ಯದಂಥ ಕಡೆ ಮತದಾನದ ದಿನ ಏನಾಗುತ್ತಿತ್ತು? ಒಂದು ಕಲಮು ಕೆಲಸಗಾರನನ್ನು ಗೇಟಿನಿಂದ ಬಿಡಿಸಿತು, ಇನ್ನೊಂದು ಅವನನ್ನು ಬಾರಿನ ಬಾಗಿಲಲ್ಲಿ ತಡೆಯಿತು. ಬಹಿರಂಗ ಪ್ರಚಾರವೂ ಅದೇ ನಲವತ್ತೆಂಟು ಗಂಟೆ ನಿಲ್ಲುತ್ತದೆ. ಮೈಕೂ ಬಂದ್, ಬಾಟಲಿಯೂ ಬಂದ್. ಅದಕ್ಕೂ ಮೊದಲು ಅಂಗಡಿ ಮುಚ್ಚಿಸುವುದು ಸಾಧ್ಯವಿರಲಿಲ್ಲವೆಂದಲ್ಲ. ರಾಜ್ಯದ ಅಬಕಾರಿ ಕಾಯ್ದೆಯಲ್ಲಿ ಸಾರ್ವಜನಿಕ ಶಾಂತಿಗಾಗಿ ಅಂಗಡಿ ಮುಚ್ಚಿಸುವ ಅಧಿಕಾರ ಮೊದಲೇ ಇತ್ತು. ಆದರೆ ಅದು ಅಧಿಕಾರಿಯ ಇಷ್ಟಕ್ಕೆ ಬಿಟ್ಟದ್ದು. 1996ರ ನಂತರ ಅದು ದೇಶಕ್ಕೆಲ್ಲ ಒಂದೇ ನಿಯಮವಾಯಿತು. 1998ರ ಲೋಕಸಭಾ ಚುನಾವಣೆ ಈ ನಿಯಮದಡಿ ನಡೆದ ಮೊದಲ ಮಹಾಚುನಾವಣೆ. ಎಣಿಕೆಯ ದಿನವೂ ಅಂಗಡಿ ಮುಚ್ಚಬೇಕೆಂಬುದು ಆಯೋಗದ ಸೂಚನೆಯಿಂದ ರೂಢಿಯಾಯಿತು.

ಗಮನಿಸಿ, ಕಲಮಿನಲ್ಲಿ ಕುಡಿಯಬಾರದು ಎಂಬ ಮಾತಿಲ್ಲ. ಮಾರಬಾರದು, ಕೊಡಬಾರದು, ಹಂಚಬಾರದು ಎಂದಷ್ಟೇ ಇದೆ. ಮತದಾರನ ಬುದ್ಧಿ ಸ್ಥಿಮಿತದಲ್ಲಿರಲಿ, ಮತಗಟ್ಟೆಯ ಬಳಿ ಗಲಾಟೆ ಆಗದಿರಲಿ ಎಂಬುದು ಅದರ ಉದ್ದೇಶ. ಮತದಾರನ ಮನೆಯಲ್ಲಿ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ಅವರೂ ಎರಡು ರಾತ್ರಿ ನೆಮ್ಮದಿಯಾಗಿ ಮಲಗಲಿ ಎಂದು ಸಂಸತ್ತು ಯೋಚಿಸಿದ್ದಕ್ಕೆ ಕಲಮಿನಲ್ಲಿ ಗುರುತಿಲ್ಲ. ಅದು ತಾನಾಗಿ ಒದಗಿದ ಲಾಭ. ಹೊಲಕ್ಕೆ ಬಿಟ್ಟ ನೀರು ದಾರಿಯ ಬದಿಯ ಹುಲ್ಲಿಗೂ ಸಿಕ್ಕಿತಲ್ಲ, ಹಾಗೆ.

ಆ ಲಾಭ ನಮ್ಮ ಲಗ್ಗೆರೆಗೆ ಸಿಕ್ಕಿದಷ್ಟು ಬೇರೆ ಕಡೆ ಸಿಕ್ಕಿರಲಾರದು. 2008ರ ಕ್ಷೇತ್ರ ವಿಂಗಡಣೆಯಾದಾಗಿನಿಂದ ನಾವು ರಾಜರಾಜೇಶ್ವರಿನಗರ ವಿಧಾನಸಭಾ ಕ್ಷೇತ್ರದವರು, ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದವರು. ಆಗಿನ ಮಹಾನಗರ ಪಾಲಿಕೆಯಲ್ಲಿ ನಮ್ಮದು 69ನೇ ವಾರ್ಡು. 2018ರ ಮೇ 12ರಂದು ರಾಜ್ಯಕ್ಕೆಲ್ಲ ವಿಧಾನಸಭಾ ಚುನಾವಣೆ. ಅದಕ್ಕೆ ಕೆಲವೇ ದಿನ ಮೊದಲು ಜಾಲಹಳ್ಳಿಯ ಒಂದು ಫ್ಲಾಟಿನಲ್ಲಿ 9,700ಕ್ಕೂ ಹೆಚ್ಚು ಮತದಾರರ ಗುರುತಿನ ಚೀಟಿಗಳು ಸಿಕ್ಕವು. ಮೇ 11ರಂದು ಆಯೋಗ ನಮ್ಮ ಕ್ಷೇತ್ರದ ಮತದಾನವನ್ನು ಮುಂದೂಡಿತು. ಹೊಸ ದಿನಾಂಕ ಮೇ 28, ಸೋಮವಾರ. ಎಣಿಕೆ ಮೇ 31. ನಗರದ ಜೊತೆಗೆ ಒಂದು ಸುತ್ತು ಬಾಗಿಲು ಮುಚ್ಚಿದ್ದ ಅಂಗಡಿಗಳು ನಮ್ಮ ಕ್ಷೇತ್ರದಲ್ಲಿ ಅದೇ ತಿಂಗಳು ಮತ್ತೆ ಮುಚ್ಚಿದವು.

ಸೋಮವಾರ ಸಂಜೆ ಆರಕ್ಕೆ ಮತದಾನ ಮುಗಿಯುವುದೆಂದರೆ, ಅಂಗಡಿ ಮುಚ್ಚುವುದು ಶನಿವಾರ ಸಂಜೆ ಆರಕ್ಕೆ. ಶನಿವಾರ ಸಂಜೆ ಆರು! ಸಣ್ಣ ವರ್ಕ್‌ಶಾಪುಗಳಲ್ಲಿ ಬಟವಾಡೆ ಕೈಗೆ ಬರುವ ಹೊತ್ತು. ದೆಹಲಿಯಲ್ಲಿ ಕೂತು ದಿನಾಂಕ ಗೊತ್ತುಮಾಡಿದವರಿಗೆ ಇದು ತಿಳಿದಿರಲಾರದು. ಆದರೆ ಮೇ 26ರ ಆ ಶನಿವಾರ ನಮ್ಮ ಬೀದಿಗಳಲ್ಲಿ ಬಟವಾಡೆಯ ಹಣಕ್ಕೆ ಮನೆಯ ಬಾಗಿಲು ಬಿಟ್ಟರೆ ಬೇರೆ ಬಾಗಿಲು ತೆರೆದಿರಲಿಲ್ಲ. ಅದೂ ಶಾಲೆಗಳು ಪ್ರಾರಂಭವಾಗುವ ವಾರ. ನಮ್ಮ ಬೀದಿಯ ಗಾರ್ಮೆಂಟ್ಸ್ ಕೆಲಸದ ಒಬ್ಬ ತಾಯಿ ನನಗೆ ಹೇಳಿದ್ದು ಇಷ್ಟೇ: "ಈ ಸಲ ನೋಟ್ ಬುಕ್ಕು, ಬ್ಯಾಗು ಎರಡೂ ಒಂದೇ ದಿನ ತಂದ್ವಿ ಮಿಸ್, ಸಂಘದಲ್ಲಿ ಸಾಲ ಎತ್ತಲಿಲ್ಲ." ಚುನಾವಣೆಯ ಸಾಧನೆಗಳ ಪಟ್ಟಿಯಲ್ಲಿ ಎಲ್ಲೂ ದಾಖಲಾಗದ ಸಾಧನೆ ಇದು.

ಶಿಕ್ಷಕಿಯರಿಗೆ ಬಟವಾಡೆಯ ಲೆಕ್ಕ ಬೇರೆ ರೀತಿಯಲ್ಲಿ ತಿಳಿಯುತ್ತದೆ. ಸೋಮವಾರ ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಯಾವ ಮಗು ತೂಕಡಿಸುತ್ತದೆ, ಯಾರ ಹೋಂವರ್ಕ್ ಆಗಿಲ್ಲ, ಯಾರು ಕೊನೆಯ ಬೆಂಚಿಗೆ ಹೋಗಿ ಮುಖ ತಗ್ಗಿಸಿ ಕೂತಿದ್ದಾರೆ ಎಂದು ನೋಡಿದರೆ ಸಾಕು. ಏಕೆ ಎಂದು ಕೇಳಿದರೆ "ರಾತ್ರಿ ಕರೆಂಟ್ ಇರಲಿಲ್ಲ ಮಿಸ್" ಎನ್ನುತ್ತಾರೆ. ಪಕ್ಕದ ಮನೆಯ ಹುಡುಗಿ ಅದೇ ತರಗತಿಯಲ್ಲಿ ಹೋಂವರ್ಕ್ ಮಾಡಿ ತಂದಿರುತ್ತಾಳೆ. ನಾವು ಮುಂದೆ ಕೇಳುವುದಿಲ್ಲ. ಅಪ್ಪನ ಮಾನ ಕಾಯುವ ಹತ್ತು ವರ್ಷದ ಮಗುವನ್ನು ಸುಳ್ಳುಗಾರ ಎನ್ನಲು ಬಾಯಿ ಬರುವುದಿಲ್ಲ.

ಹಾಗೆಂದು ಈ ನಿಷೇಧದಲ್ಲಿ ತೂತುಗಳಿಲ್ಲವೆ? ಜರಡಿಯಲ್ಲಿ ಇರುವಷ್ಟಿವೆ. ನಮ್ಮಲ್ಲೊಂದು ಗಾದೆಯಿದೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು. ಆದೇಶ ಪ್ರಕಟವಾದ ದಿನವೇ ವೈನ್ ಸ್ಟೋರ್ ಮುಂದೆ ಸಾಲು ಬೆಳೆಯುತ್ತದೆ. ಎರಡು ದಿನದ್ದು ಒಂದೇ ದಿನ ಮಾರಾಟವಾಗುತ್ತದೆ. ಅಕ್ಕಿ ಡಬ್ಬದ ಹಿಂದೆ, ಸ್ಕೂಟರಿನ ಡಿಕ್ಕಿಯಲ್ಲಿ ಸಂಗ್ರಹ. ಪಕ್ಷಗಳಂತೂ ಇನ್ನೂ ಮುಂಚೆಯೇ ಹಂಚಿ ಮುಗಿಸಿರುತ್ತವೆ. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ ಜಪ್ತಿಯಾದ ನಗದು, ಚಿನ್ನ, ಮದ್ಯ, ಉಡುಗೊರೆಗಳ ಮೌಲ್ಯ 375 ಕೋಟಿ ರೂಪಾಯಿ ಎಂದು ಆಯೋಗವೇ ಹೇಳಿತು. ಅದರಲ್ಲಿ ಮದ್ಯದ ಪಾಲು 83 ಕೋಟಿಗೂ ಹೆಚ್ಚು. ಇದು ಸಿಕ್ಕಿಬಿದ್ದದ್ದರ ಲೆಕ್ಕ.

ಇನ್ನೊಂದು ಸಂಗತಿಯನ್ನು ಹೆಂಗಸರು ತಿಳಿದಿರಬೇಕು. ವರ್ಷಗಟ್ಟಲೆ ದಿನವೂ ಕುಡಿದವನಿಗೆ ಇದ್ದಕ್ಕಿದ್ದಂತೆ ಸಿಗದೆ ಹೋದರೆ ದೇಹ ತಿರುಗಿಬೀಳುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಹತ್ತುವುದಿಲ್ಲ. ಕೆಲವರಿಗೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವಕ್ಕೂ ಅಪಾಯವಾಗಬಹುದು. ಇದು ದೆವ್ವದ ಕಾಟವಲ್ಲ, ನಾಟಕವೂ ಅಲ್ಲ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕಾದ ಕಾಯಿಲೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ಎರಡು ದಿನದ ನಿಷೇಧ ಮನೆಯ ಗಂಡಸಿನ ಕುಡಿತ ಯಾವ ಮಟ್ಟಕ್ಕೆ ಹೋಗಿದೆ ಎಂಬುದನ್ನು ತೋರಿಸಿಕೊಡುತ್ತದೆ. ಸುಮ್ಮನೆ ಸಿಡಿಮಿಡಿಗೊಂಡು ಟಿ.ವಿ. ಮುಂದೆ ಕೂತವನ ಕುಡಿತ ಬೇರೆ, ಕಾಫಿ ಲೋಟ ಹಿಡಿಯಲಾರದೆ ನಡುಗುವವನದೇ ಬೇರೆ.

ಬಾಗಿಲು ಮುಚ್ಚಿಸಿದರೆ ಹಿತ್ತಿಲ ಬಾಗಿಲು ತೆರೆಯುತ್ತದೆ ಎಂಬ ಭಯಕ್ಕೂ ಆಧಾರವಿದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯನ್ನೇ ನಿಷೇಧಿಸಿತು. ಹಳ್ಳಿ ಹಳ್ಳಿಯ ಹೆಂಗಸರು ಸಂತೋಷಪಟ್ಟರು. ಹನ್ನೊಂದು ತಿಂಗಳೂ ತುಂಬಿರಲಿಲ್ಲ. 2008ರ ಮೇ ತಿಂಗಳಲ್ಲಿ, ರಾಜ್ಯ ವಿಧಾನಸಭಾ ಚುನಾವಣೆಯ ಗಡಿಬಿಡಿಯಲ್ಲೇ, ಬೆಂಗಳೂರು, ಆನೇಕಲ್, ಕೋಲಾರದ ಕಡೆ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಜನ ಬಲಿಯಾದರು. ಸತ್ತವರು ಕೂಲಿಯವರು. ಉಳಿದವರು ಅವರ ಹೆಂಡಂದಿರು. ಸಾರಾಯಿ ಹೋದ ಜಾಗಕ್ಕೆ ಮುಂದೆ ಅಗ್ಗದ ವಿಸ್ಕಿ, ರಮ್ಮಿನ ಸಣ್ಣ ಪೊಟ್ಟಣಗಳು ಬಂದವು. ಗಡಂಗು ಮುಚ್ಚಿತು, ವೈನ್ ಸ್ಟೋರು ಬೆಳೆಯಿತು.

ಸರ್ಕಾರವನ್ನು ಕೇಳಿದರೆ ಏನು ಹೇಳೀತು? 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. 2024-25ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 38,525 ಕೋಟಿ ರೂಪಾಯಿ. ಕೊರೊನಾ ಕಾಲದಲ್ಲಿ 2020ರ ಮಾರ್ಚ್ ಕೊನೆಯಿಂದ ನಲವತ್ತು ದಿನ ಅಂಗಡಿಗಳು ಮುಚ್ಚಿದ್ದವು. ಮೇ 4ರಂದು ತೆರೆದಾಗ ಬೆಳಗಿನಿಂದಲೇ ಸಾಲು. ಮೇ 5ರ ಒಂದೇ ದಿನ ರಾಜ್ಯದಲ್ಲಿ 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಆ ದಿನಗಳಲ್ಲಿ ಪೀಣ್ಯದ ಎಷ್ಟೋ ಕಾರ್ಖಾನೆಗಳ ಗೇಟು ಇನ್ನೂ ಮುಚ್ಚಿಯೇ ಇತ್ತು. ಸಂಬಳ ಬಾರದ ಮನೆಗಳಿಂದ ಆ ಹಣ ಹೇಗೆ ಹೊರಟಿತು ಎಂದು ಯಾವ ಅಂಕಿಅಂಶ ಇಲಾಖೆಯೂ ಕೇಳಲಿಲ್ಲ. ಕಿವಿಯ ಓಲೆ ಅಡ ಇಟ್ಟವರಿಗೆ ಗೊತ್ತು. ಒಂದು ಕಡೆ 47ನೇ ವಿಧಿ, ಇನ್ನೊಂದು ಕಡೆ ಅಬಕಾರಿ ಗುರಿ. ನಡುವೆ ಐದು ವರ್ಷಕ್ಕೆ ಕೆಲವು ಸಲ ಬರುವ ನಲವತ್ತೆಂಟು ಗಂಟೆ.

ನ್ಯಾಯವಾಗಿ ಹೇಳಬೇಕೆಂದರೆ ಅಂಗಡಿಯವರ ದೂರಿನಲ್ಲೂ ಸ್ವಲ್ಪ ಹುರುಳಿದೆ. 2024ರಲ್ಲಿ ಇದು ಎದ್ದು ಕಂಡಿತು. ಫೆಬ್ರವರಿ 16ರಂದು ಬೆಂಗಳೂರು ಶಿಕ್ಷಕರ ಕ್ಷೇತ್ರಕ್ಕೆ ವಿಧಾನ ಪರಿಷತ್ತಿನ ಉಪಚುನಾವಣೆ. ಓಟು ಹಾಕುವವರು ಪ್ರೌಢಶಾಲೆ ಮತ್ತು ಮೇಲಿನ ತರಗತಿಗಳ ಶಿಕ್ಷಕರು ಮಾತ್ರ. ಏಪ್ರಿಲ್ 26ರಂದು ಲೋಕಸಭೆ. ಜೂನ್ 3ರಂದು ಪದವೀಧರ ಕ್ಷೇತ್ರ. ಅದಕ್ಕಾಗಿ ಜೂನ್ 1ರ ಶನಿವಾರ ಸಂಜೆಯಿಂದ ನಿಷೇಧ, ನಾಲ್ಕರಂದು ಲೋಕಸಭೆಯ ಎಣಿಕೆ, ಆರರಂದು ಪರಿಷತ್ತಿನ ಎಣಿಕೆ. ಹೆಚ್ಚು ಕಡಿಮೆ ವಾರವೆಲ್ಲ ಬಾಗಿಲು ಹಾಕಿ ತೆರೆದು ಹಾಕಿ ತೆರೆದು ಆಯಿತು. ಕೆಲವೇ ಸಾವಿರ ಶಿಕ್ಷಕರು ಓಟು ಹಾಕುವುದಕ್ಕೆ ಕೋಟಿ ಜನರ ನಗರ ಏಕೆ ಒಣಗಬೇಕು ಎಂದು ಕೇಳಿದವರಿದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲೂ ನಕ್ಕೆವು: ಮೇಷ್ಟರು, ಮಿಸ್ಸುಗಳು ಕುಡಿದು ಓಟು ಹಾಕಿಯಾರೆಂದು ಸರ್ಕಾರಕ್ಕೆ ಅಷ್ಟು ಭಯವೆ ಎಂದು. ಬಾರಿನಲ್ಲಿ ಲೋಟ ತೊಳೆಯುವ, ತಟ್ಟೆ ತರುವ ಹುಡುಗರಿಗೆ ಆ ದಿನಗಳ ಟಿಪ್ಸ್ ಇಲ್ಲ, ಕೆಲವರಿಗೆ ಕೂಲಿಯೂ ಇಲ್ಲ. ಅವರೂ ಯಾರದೋ ಮನೆಗೆ ಹಣ ಕಳಿಸುವವರೇ. 135ಬಿ ಹೇಳುವ ಸಂಬಳ ಸಹಿತ ರಜೆ ಮತದಾನದ ಒಂದು ದಿನಕ್ಕೆ ಮಾತ್ರ. ಮುಚ್ಚಿದ ಉಳಿದ ಹೊತ್ತಿಗಲ್ಲ.

ಆದರೂ ಈ ತಕ್ಕಡಿಯನ್ನು ಹಿಡಿದು ನೋಡಿದಾಗ ನನಗೆ ತೋರುವುದು ಹೀಗೆ. ಓಟಿನ ಪಾವಿತ್ರ್ಯ ಕಾಯುವ ಕೆಲಸವನ್ನು ಈ ಕಲಮು ಅರ್ಧಂಬರ್ಧ ಮಾಡಿದೆ. ಮುಂಚೆಯೇ ಹಂಚಿದ ಬಾಟಲಿಯ ಮುಂದೆ ಅದರ ಆಟ ನಡೆಯದು. ಆದರೆ ತಾನು ಮಾಡಹೊರಡದ ಒಂದು ಕೆಲಸವನ್ನು ಅದು ಮಾಡಿ ತೋರಿಸಿದೆ. ಬೀದಿಯ ಅಂಗಡಿ ಮುಚ್ಚಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದನ್ನು ಹೆಂಗಸರು ಕಣ್ಣಾರೆ ಕಂಡಿದ್ದಾರೆ. ಮದ್ಯ ನಿಲ್ಲಿಸುವುದು ಅಸಾಧ್ಯ, ಜನ ಕೇಳುವುದಿಲ್ಲ, ಪೊಲೀಸರು ಸಾಲುವುದಿಲ್ಲ ಎಂದು ಹೇಳುವ ಅದೇ ಸರ್ಕಾರ, ತನಗೆ ಬೇಕಾದಾಗ ಒಂದು ಆದೇಶದಿಂದ ಇಡೀ ಜಿಲ್ಲೆಯ ಷಟರುಗಳನ್ನು ಒಂದೇ ಗಂಟೆಗೆ ಕೆಳಗಿಳಿಸಬಲ್ಲದು. ಇದನ್ನು ಕಂಡ ಮೇಲೆ ಅಸಾಧ್ಯವೆಂಬ ಮಾತನ್ನು ನಂಬುವುದು ಕಷ್ಟ.

ನಂಬದವರು ನಮ್ಮ ನಡುವೆಯೇ ಇದ್ದಾರೆ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅಕ್ಷರ ಕಲಿಯಲು ಸಾಯಂಕಾಲ ಒಂದೆಡೆ ಸೇರುತ್ತಿದ್ದವರು ಅವರು. ಆ ಕಿಚ್ಚು ಹಬ್ಬಿ 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಬಂದ ಪೂರ್ತಿ ನಿಷೇಧ 1997ರಲ್ಲಿ ಮತ್ತೆ ಹೋಯಿತು ಎಂಬುದೂ ನಿಜ. ನಮ್ಮಲ್ಲಿ 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರು ನಡೆದು ಬಂದರು. ಮೇಲೆ ಹೇಳಿದ ತುರುವನೂರು ಅದೇ ಚಿತ್ರದುರ್ಗದ ಮಗ್ಗುಲಲ್ಲಿದೆ. ಎಂಬತ್ತು ವರ್ಷದ ಹಿಂದೆ ಈಚಲು ಮರ ಕಡಿದ ಕಡೆಯಿಂದಲೇ ಅವರು ಕಾಲಿಗೆ ಚಪ್ಪಲಿ ಸವೆಸುತ್ತಾ ಹೊರಟದ್ದು. ಜನವರಿ 30ರಂದು, ಗಾಂಧೀಜಿ ತೀರಿಹೋದ ದಿನ, ರಾಜಧಾನಿ ಮುಟ್ಟಿದರು. ಅವರು ಕೇಳಿದ್ದು ಪೂರ್ತಿ ಪಾನನಿಷೇಧ. ಅದು ಸಿಗಲಿಲ್ಲ.

ಪೂರ್ತಿ ನಿಷೇಧ ಸಾಧುವೆ, ಸಾಧ್ಯವೆ ಎಂದು ತೀರ್ಪು ಕೊಡುವಷ್ಟು ತಿಳಿದವಳು ನಾನಲ್ಲ. ಕಳ್ಳಭಟ್ಟಿಗೆ ಸತ್ತವರ ಲೆಕ್ಕ ನೋಡಿದಾಗ ಭಯವಾಗುತ್ತದೆ. ಆದರೆ ನಿಷೇಧಕ್ಕೂ ಈಗಿನ ಸ್ಥಿತಿಗೂ ನಡುವೆ ಬಹಳ ಜಾಗವಿದೆ. ಅಂಗಡಿಗೆ ಪರವಾನಗಿ ಕೊಡುವ ಮೊದಲು ಆ ಬೀದಿಯ ಹೆಂಗಸರನ್ನು ಕೇಳಬಹುದು. ಕಾರ್ಖಾನೆ ಗೇಟಿಗೂ ಬಸ್ ನಿಲ್ದಾಣಕ್ಕೂ ನಡುವೆ ಎಷ್ಟು ಅಂಗಡಿ ಬೇಕು ಎಂದು ಲೆಕ್ಕ ಹಾಕಬಹುದು. ಬಟವಾಡೆಯ ಸಂಜೆ ಎರಡು ಗಂಟೆ ಬಾಗಿಲು ತಡವಾಗಿ ತೆರೆಯಿರಿ ಎನ್ನಬಹುದು. ಸಂಬಳವನ್ನು ಕೈಗೆ ಕೊಡದೆ ಬ್ಯಾಂಕಿಗೆ ಹಾಕಿಸಬಹುದು. ದೊಡ್ಡ ಕಾರ್ಖಾನೆಗಳಲ್ಲಿ ಹಾಗಾಗಿ ಎಷ್ಟೋ ಮನೆ ಉಳಿದಿದೆ. ಅಬಕಾರಿ ಹಣದಲ್ಲಿ ಒಂದು ಪಾಲು ತೆಗೆದು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಒಂದು ವಾರ್ಡು ಮಾಡಬಹುದು. ಇವು ಯಾವುವೂ ಕ್ರಾಂತಿಯ ಮಾತುಗಳಲ್ಲ.

ಚುನಾವಣೆಯ ಹೊತ್ತಿನಲ್ಲಿ ಓಟು ಕೇಳಲು ಬರುವವರು ನಮ್ಮನ್ನು ಅಕ್ಕ, ಅಮ್ಮ, ತಾಯಿ ಎಂದು ಕರೆಯುತ್ತಾರೆ. ಕುಂಕುಮ ಕೊಡುತ್ತಾರೆ, ಸೀರೆ ಕೊಡುತ್ತಾರೆ, ಕುಕ್ಕರ್ ಕೊಡುತ್ತಾರೆ. ಅವರ ಕೈಯಿಂದ ಅದನ್ನು ಪಡೆಯದಿರುವುದು ಒಳ್ಳೆಯದು. ಅದರ ಬದಲು, ನಮ್ಮ ಬೀದಿಯ ತಿರುವಿನಲ್ಲಿರುವ ಅಂಗಡಿಯ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳೋಣ. ಹಿಂದೆ ಮುಂದೆ ನೋಡುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ. ಆದರೂ ಕೇಳೋಣ. ಮುಂದಿನ ಮನೆಯಲ್ಲೂ ಅದೇ ಪ್ರಶ್ನೆ ಎದುರಾದರೆ, ಅದರ ಮುಂದಿನ ಮನೆಯಲ್ಲೂ ಎದುರಾದರೆ, ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಏನಾದರೊಂದು ಉತ್ತರ ಹುಡುಕಿಕೊಂಡೇ ಬಂದಾರು.